ಲಿನಕ್ಸ್ ಹಾಕಲು ಹೋಗಿ ಕೈ ಎತ್ತಿದ್ದು

ಕಂಪ್ಯೂಟರ್ ರಿಪೇರಿಗೆಂದು ಮನೆಮನೆ ಸುತ್ತುವ ನಾನು ನಿಜಕ್ಕೂ ಹೆದರಿದ್ದು ಶಹಾಡ್ ಎಂಬ ಕಾರ್ಖಾನೆ ಊರಿನ ಒಂದು ಕಾರ್ಮಿಕರ ಚಾಳಿನಲ್ಲಿ. ಗಿರಾಕಿ ಮಲ್ಲಪ್ಪ ವಿಜಯಪುರದ ಕಡೆಯವನು, ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸ, ಬಾಗಿಲು ತುಂಬುವಂಥ ಆಳು. ಅವನ ಹಳೇ ಕಂಪ್ಯೂಟರ್ ತೆವಳುತ್ತಿತ್ತು. ನಾನು ವಿಂಡೋಸ್ ತೆಗೆದು, ಹಳೇ ಯಂತ್ರದಲ್ಲೂ ಹಗುರಾಗಿ ಓಡುವ ಲಿನಕ್ಸ್ ಹಾಕಿದೆ. "ಈಗ ಇದರಲ್ಲಿ ಎಲ್ಲಾ ಗೇಮೂ ಓಡುತ್ತೆ" ಎಂದು ಜಂಬವನ್ನೂ ಕೊಚ್ಚಿದೆ.

ಅವನ ಬಂದೂಕಿನ ಆಟ ತೆರೆದುಕೊಂಡಿತು. ಮರುಕ್ಷಣವೇ ಪರದೆ ಕೆಂಪಾಗಿ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಮೂಡಿತು. ಮಲ್ಲಪ್ಪನ ಜೊತೆ ಅದೇ ರೂಮಿನಲ್ಲಿದ್ದ ಗೆಳೆಯ ಅದನ್ನು ಓದಿ ಹೇಳಿದ: ಮೋಸದ ಅನುಮಾನವಿದೆ, ಒಳಗೆ ಬಿಡುವುದಿಲ್ಲ.

ಮಲ್ಲಪ್ಪ ಎದ್ದು ನಿಂತ. ಗೆಳೆಯ ಹೋಗಿ ಬಾಗಿಲಿಗೆ ಅಡ್ಡ ನಿಂತ.

"ದಿನಾ ಫ್ಯಾಕ್ಟರಿ ಗೇಟಿನ್ಯಾಗ ಕೈ ಎತ್ತಿ ಮೈ ತಡವಿಸ್ಕೊಂಡು ಬರ್ತೀನ್ರಿ. ಮನ್ಯಾಗೂ ನಾ ಕಳ್ಳ ಏನು?" ಎಂದ ಮಲ್ಲಪ್ಪ.

"ಅನುಮಾನ ನಿಮ್ಮ ಮೇಲಲ್ಲ ಅಣ್ಣಾ. ಆ ಗೇಮಿನಲ್ಲಿ ಮೋಸ ಹಿಡಿಯೋಕೆ ಇಟ್ಟಿರೋ ಕಾವಲುಗಾರ ಕಂಪ್ಯೂಟರಿನ ಒಳಗೆಲ್ಲ ಕೈಹಾಕಿ ಜಾಲಾಡಬೇಕು ಅಂತಾನೆ, ಲಿನಕ್ಸ್ ಬಿಡಲ್ಲ. ಅದಕ್ಕೇ ಅವನಿಗೆ ಅನುಮಾನ. ವಿಂಡೋಸೇ ವಾಪಸ್ ಹಾಕಿಕೊಡ್ತೀನಿ" ಎಂದು ತಡವರಿಸಿದೆ.

ಅವನು ಪರದೆಯ ಕಡೆ ಬೆರಳು ತೋರಿದ.

"ಮೈ ತಡವಾಕ ಬಿಡಂಗಿಲ್ಲಾ ಈ ಲಿನಕ್ಸು?"

"ಇಲ್ಲ."

"ಹಂಗಾರ ಇದೇ ಇರ್ಲಿ ಬಿಡ್ರಿ. ಬ್ಯಾರೆ ಆಟ ಹಾಕ್ರಿ."

ಒಂದು ಕಾರ್ ರೇಸ್ ಹಾಕಿಕೊಟ್ಟು ಚೀಲ ಹೆಗಲಿಗೇರಿಸಿದೆ. ಬಾಗಿಲಲ್ಲಿದ್ದ ಗೆಳೆಯ ಗಂಭೀರವಾಗಿ, "ಚೆಕಿಂಗ್ ಮಾಡಿಸ್ಕೊಂಡು ಹೋಗ್ರಿ" ಎಂದ. ಅದು ತಮಾಷೆ ಎಂದು ಅವರಿಬ್ಬರೂ ನಗುವಷ್ಟರಲ್ಲಿ ನನ್ನ ಎರಡೂ ಕೈ ಮೇಲೆದ್ದಿದ್ದವು.