ನಾಗಮ್ಮ ಹೊಲದಲ್ಲೇ ನಿಲ್ಲಿಸಿ ಬಂದ ಕುರಿಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಾಂಡೂರಿನಲ್ಲಿ ವೆಟರ್ನರಿ ಡಾಕ್ಟರ್ ಆಗಿದ್ದೆ. ಆಗ ನಮ್ಮ ಸ್ಟೇಷನ್ನಿನಿಂದ ಕುರಿಗಳು ವ್ಯಾಗನ್ನಿನಲ್ಲಿ ಬೊಂಬಾಯಿಗೆ, ಅಲ್ಲಿಂದ ಹಡಗಿನಲ್ಲಿ ಅರಬ್ ದೇಶಗಳಿಗೆ ಹೋಗುತ್ತಿದ್ದವು. ಲೋಡಿಂಗಿಗೆ ಮೊದಲು ಕುರಿಗಳನ್ನು ನೋಡಿ ಹೆಲ್ತ್ ಸರ್ಟಿಫಿಕೇಟ್ ಕೊಡುವುದು ನನ್ನ ಕೆಲಸ. ಕುರಿಯವರಿಗೆ ಸಂತೆಗಿಂತ ಒಳ್ಳೆಯ ದರ ಸಿಗುತ್ತಿತ್ತು. ವ್ಯಾಗನ್ ಹೊರಟ ವಾರ ಬಟ್ಟೆ ಅಂಗಡಿಯವರೂ ನನಗೆ ನಮಸ್ಕಾರ ಹಾಕುತ್ತಿದ್ದರು, ಕುರಿಗಳನ್ನು ನಾನೇ ಹೆತ್ತಂತೆ!

ಒಂದು ಬೇಸಿಗೆಯ ಬೆಳಿಗ್ಗೆ ಲೋಡಿಂಗ್ ನಡೆದಿತ್ತು. ಧಾರೂರು ಕಡೆಯ ನಾಗಮ್ಮ ಬರಿಗೈಲಿ ಬಂದು ದೂರದಲ್ಲೇ ನಿಂತಳು.

“ಸಾಬ್ರ, ನನ್ನ ಕುರಿ ಹೊಲದಾಗ ನಿಂದ್ರಸಿ ಬಂದೀನಿ. ಒಂದು ನಿನ್ನಿಂದ ಮೇವು ಮುಟ್ಟವಲ್ದು. ಇವ್ರವಕ್ಕ ಹತ್ತೀತು, ಮದ್ಲ ನೀವು ಬಂದು ನೋಡ್ರಿ.”

ಸ್ಟೇಷನ್ನಿಗೆ ಸಮೀಪದ ಆ ಹೊಲಕ್ಕೆ ಹೋಗಿ ನೋಡಿದೆ. ಮೈ ಸುಡುತ್ತಿತ್ತು, ಬಾಲದ ಕೆಳಗೆ ಕೆಂಪು ಗುಳ್ಳೆಗಳಿದ್ದವು. ಶೀಪ್ ಪಾಕ್ಸ್, ಅಂದರೆ ಕುರಿ ಸಿಡುಬು. ಹಿಂಡಿನಿಂದ ಹಿಂಡಿಗೆ ಹಬ್ಬುವ ರೋಗ. ಬಂದರಿನಲ್ಲಿ ಸಿಕ್ಕಿಬಿದ್ದರೆ ಇಡೀ ವ್ಯಾಗನ್ ವಾಪಸ್, ವ್ಯಾಪಾರಿ ಮತ್ತೆ ನಮ್ಮ ಕಡೆ ತಲೆ ಹಾಕುವುದಿಲ್ಲ. ಅವಳ ಒಂದು ಕುರಿಯನ್ನೂ ಬಿಡಲಾಗದು ಎಂದೆ. ಹೇಳುವಾಗ ನನಗೇ ಸಂಕಟವಾಯಿತು.

“ಹಂಗಾರ ಮಿರಗಕ್ಕ ಬಿತ್ತಾಕ ನನಗ ಎತ್ತಿಲ್ರಿ,” ಎಂದಳು. ಈ ಕುರಿ ಮಾರಿ ಮಿರಗಕ್ಕೆ, ಅಂದರೆ ಮೃಗಶಿರ ಮಳೆಯ ಬಿತ್ತನೆಗೆ, ಎತ್ತಿನ ಜೋಡಿ ತರುವುದೆಂದು ಅವಳು ಲೆಕ್ಕ ಹಾಕಿದ್ದಳು.

ಫಿನೈಲಿನಲ್ಲಿ ಕೈಕಾಲು ತೊಳೆದು ಸ್ಟೇಷನ್ನಿಗೆ ಮರಳಿ ಎಲ್ಲರಿಗೂ ವಿಷಯ ತಿಳಿಸಿದೆ. ಕುರಿ ತಂದವರೆಲ್ಲ ಬೇರೆ ಬೇರೆ ಊರಿನವರು, ಸಂತೆಯಲ್ಲಿ ಮುಖ ಕಂಡಷ್ಟೇ ಪರಿಚಯ. ಅವರಲ್ಲಿ ಬಸಪ್ಪನೆಂಬ ಹಿರಿಯ, ಯಾವಾಗಲೂ ನನ್ನೊಡನೆ ಜಗಳಕ್ಕೇ ನಿಲ್ಲುವವನು, ಮುಂದೆ ಬಂದ.

“ಆಕಿ ಸುಮ್ನ ತಂದು ಹೊಗಿಸಿದ್ದರ ನಮ್ದೆಲ್ಲಾ ಖಲಾಸ್ ಆಗ್ತಿತ್ತು. ನನ್ನೂವು ಎರಡು ಆಕಿ ಹೆಸರಿಗೆ ಹಾಕ್ರಿ. ಮುಯ್ಯಿ ಅಂಬೋದು ಮದಿವ್ಯಾಗಷ್ಟೇ ಏನ್ರಿ?”

ಮುಯ್ಯಿ ಅಂದರೆ ಒಬ್ಬರ ಮನೆ ಕಾರ್ಯಕ್ಕೆ ಉಳಿದವರು ಕೊಟ್ಟು, ತಮ್ಮ ಸರದಿ ಬಂದಾಗ ವಾಪಸ್ ಪಡೆಯುವ ಪದ್ಧತಿ. ಬಸಪ್ಪ ಬಾಯಿ ಬಿಟ್ಟದ್ದೇ ತಡ, ಉಳಿದವರೂ ತಂತಮ್ಮ ಹಿಂಡಿನಿಂದ ಒಂದೊಂದು, ಎರಡೆರಡು ಅವಳ ಹೆಸರಿಗೆ ಹತ್ತಿಸಿದರು; ಅವುಗಳ ದುಡ್ಡು ಅವಳಿಗೆ. ನನ್ನ ಹಿಂದೆಯೇ ಬಂದಿದ್ದ ನಾಗಮ್ಮ ದೂರದಿಂದಲೇ ನೋಡುತ್ತ ಸೆರಗಿನಿಂದ ಮುಖ ಒರೆಸಿಕೊಂಡಳು. “ಬಿಸಲು ಭಾಳ ಅದರಿ,” ಎಂದಳು.

ಅವಳ ಹಿಂಡನ್ನು ಬೇರೆ ಇರಿಸಿ ಆರೈಕೆ ಮಾಡಿದೆ. ಕೆಲವು ಸತ್ತವು, ಹೆಚ್ಚಿನವು ಉಳಿದವು. ಮುಂದಿನ ವರ್ಷ ಅವಳು ತನ್ನದೇ ಎತ್ತಿನ ಗಾಡಿಯ ಹಿಂದೆ ಕುರಿ ಹೊಡೆದುಕೊಂಡು ಬಂದು ಎಲ್ಲರ ಮುಯ್ಯಿ ತೀರಿಸಿದಳು. ಬಸಪ್ಪನಿಗೆ ಮೇಲೊಂದು ಮರಿ ಕೊಟ್ಟಳು. ಅವನು ಬೇಡವೆಂದು ಜಗಳಾಡಿ, ತೆಗೆದುಕೊಂಡೇ ಹೋದ.

ಆಮೇಲೆ ಕುರಿ ಮೇವು ಬಿಟ್ಟರೆ ಜನ ತಾವಾಗಿಯೇ ಬಂದು ನನಗೆ ಹೇಳತೊಡಗಿದರು. ಅಲ್ಲಿಯವರೆಗೆ ರೋಗ ಹುಡುಕುವುದಷ್ಟೇ ನನ್ನ ಕೆಲಸವೆಂದುಕೊಂಡಿದ್ದೆ. ನಿಜ ಹೇಳಿದವರಿಗೆ ಎತ್ತು ತಪ್ಪದಂತೆ ನೋಡಿಕೊಂಡರೆ ರೋಗ ತಾನೇ ಬಾಗಿಲಿಗೆ ಬಂದು ಹೇಳಿಕೊಳ್ಳುತ್ತದೆ ಎಂದು ಕಲಿಸಿದವರು ಆ ಸ್ಟೇಷನ್ನಿನ ಕುರಿಯವರು. ಸರ್ಟಿಫಿಕೇಟಿನ ಮೇಲಿನ ನನ್ನ ಸಹಿಗೆ ಬಂದರಿನಲ್ಲಿ ಇದ್ದ ಮರ್ಯಾದೆ ಅವರು ಕೊಟ್ಟದ್ದು.