ಸೋಮವಾರದ ಹೊಲಿಗೆ

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಹೌಸ್ ಸರ್ಜನ್ನರ ಉಸ್ತುವಾರಿ ನನ್ನ ಕೊರಳಿಗೆ ಬಿದ್ದದ್ದು ಅರವತ್ತರ ದಶಕದಲ್ಲಿ. ಹಿರಿಯರೊಬ್ಬರು ನಿವೃತ್ತರಾದರು, ಉಳಿದವರು ಜಾಣರಾಗಿದ್ದರು. ಹೀಗಾಗಿ ನನ್ನ ಆಯ್ಕೆಯಾಯಿತು. ಕೆಲಸ ಇಷ್ಟೇ: ಪರೀಕ್ಷೆ ಪಾಸಾಗಿ ಬಂದ ಎಳೆಯ ಡಾಕ್ಟರುಗಳನ್ನು ಒಂದು ವರ್ಷ ಪಳಗಿಸುವುದು, ಕೊನೆಗೆ ‘ತೃಪ್ತಿಕರ’ ಎಂದು ಸಹಿ ಹಾಕುವುದು. ಆ ಸಹಿ ಇಲ್ಲದೆ ಅವರು ಎಲ್ಲಿಯೂ ಬೋರ್ಡು ತಗುಲಿಸುವಂತಿಲ್ಲ.

ಪಳಗಿಸುವುದು ಕಷ್ಟವಲ್ಲ. ಸಹಿ ಹಾಕುವವನಿಗೆ ಯಾರೂ ನಿಜ ಹೇಳುವುದಿಲ್ಲ ಎಂಬುದು ಮಾತ್ರ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನು ವಾರ್ಡಿಗೆ ಕಾಲಿಟ್ಟರೆ ನಗು ನಿಲ್ಲುತ್ತಿತ್ತು. ಎಲ್ಲರೂ ಏಕಕಾಲಕ್ಕೆ ನಾಡಿ ಹಿಡಿಯುತ್ತಿದ್ದರು. ಅವಸರದಲ್ಲಿ ಒಬ್ಬ ರೋಗಿಯ ಅಣ್ಣನ ನಾಡಿಯನ್ನು ಹಿಡಿದು ಗಂಭೀರವಾಗಿ ನಿಂತದ್ದೂ ಉಂಟು.

ಆಪರೇಷನ್ ಆದವರನ್ನು ಮನೆಗೆ ಕಳಿಸುವಾಗ, ಹೊಲಿಗೆ ಬಿಚ್ಚಿಸಲು ಸೋಮವಾರವೇ ಬರಬೇಕು ಎಂಬ ಕಟ್ಟಳೆ ಮಾಡಿದವನು ನಾನೇ. ಪೇಟೆಯವರು ಬರುತ್ತಿದ್ದರು. ಹರಿಹರದ ಆಚೆಯ ಕೊಕ್ಕನೂರು, ಭಾನುವಳ್ಳಿ ಕಡೆಯ ರೈತರು ಬರುತ್ತಿರಲಿಲ್ಲ. ಯಾವಾಗಲೋ ಬೇರೆ ಕೆಲಸಕ್ಕೆ ಬಂದಾಗ ನೋಡಿದರೆ ಹೊಲಿಗೆ ಮಾಯ, ಗಾಯ ಅಚ್ಚುಕಟ್ಟಾಗಿ ಕೂಡಿರುತ್ತಿತ್ತು.

“ಯಾರಮ್ಮ ಬಿಚ್ಚಿದ್ದು?” ಎಂದು ಭಾನುವಳ್ಳಿಯ ಒಬ್ಬಾಕೆಯನ್ನು ಕೇಳಿದೆ.

“ಯಾರೂ ಇಲ್ರಿ ಸಾಹೇಬ್ರ. ತಾವೇ ಉದುರಿದ್ವು.”

“ದಾರ ತಾನಾಗಿ ಉದುರುತ್ತದೇನು?”

“ನಿಮ್ಮ ಕೈಗುಣ ಹಂಗೈತ್ರಿ!”

ಹೊಗಳಿಕೆ ಕೇಳಿದ ಕೂಡಲೇ ಅನುಮಾನ ಪಡುವುದು ನಮ್ಮ ಮನೆತನದ ಸಂಪ್ರದಾಯ. ಹೌಸ್ ಸರ್ಜನ್ನರಲ್ಲಿ ಹರಿಹರದವನು ಒಬ್ಬನೇ. ಹಳೆಯ ವ್ಯಾಪಾರಸ್ಥರ ಮನೆಯ ಹುಡುಗ. ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಬೆಣ್ಣೆ. ಭಾನುವಾರವಾದರೆ ಸಾಕು, ಊರಿಗೆ ಹೋಗುತ್ತಿದ್ದ. ತರಬೇತಿಯಲ್ಲಿರುವವರು ಖಾಸಗಿಯಾಗಿ ರೋಗಿಗಳನ್ನು ನೋಡಿ ದುಡ್ಡು ಮಾಡುವಂತಿಲ್ಲ. ಮಾಡಿದರೆ ಸಹಿ ಇಲ್ಲ. ಅವನ ವರ್ಷ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ನಾನೂ ಹರಿಹರದ ಬಸ್ಸು ಹತ್ತಿದೆ. ದೇವರ ದರ್ಶನಕ್ಕೆಂದು ಮನೆಯಲ್ಲಿ ಹೇಳಿದಾಗ ಹೆಂಡತಿ ನನ್ನ ಮುಖವನ್ನೇ ನೋಡಿದಳು. ಅವಳ ಗುಮಾನಿಯ ಕಥೆ ಬೇರೆ.

ದೇವಸ್ಥಾನದ ತನಕ ಹೋಗುವ ಪ್ರಮೇಯವೇ ಬರಲಿಲ್ಲ. ಅವನ ಸೋದರಮಾವನ ದಲಾಲಿ ಅಂಗಡಿಯ ಮುಂದೆ ಎತ್ತಿನ ಬಂಡಿಗಳು ಸಾಲಾಗಿ ನಿಂತಿದ್ದವು. ಜಗಲಿಯ ಮೇಲೆ ಗೋಣಿಚೀಲ ಹಾಸಿ ಒಬ್ಬ ಮುದುಕನನ್ನು ಮಲಗಿಸಿದ್ದರು. ನಮ್ಮ ಹುಡುಗ ಅವನ ಹೊಟ್ಟೆಯ ಹೊಲಿಗೆ ಬಿಚ್ಚುತ್ತಿದ್ದ.

“ಫೀಸು ಎಷ್ಟಪ್ಪ?” ಎಂದೆ, ಹಿಂದಿನಿಂದ.

ಅವನ ಕೈಯ ಕತ್ತರಿ ಅಲುಗಲಿಲ್ಲ. ಮನಸ್ಸಿನಲ್ಲೇ ಅದಕ್ಕೊಂದಷ್ಟು ಅಂಕ ಕೊಟ್ಟೆ.

“ಒಂದು ಪೈಸಾನೂ ಇಲ್ರಿ ಸರ್.”

“ಹಾಗಾದರೆ ಇವರು ಆಸ್ಪತ್ರೆಗೆ ಯಾಕೆ ಬರುವುದಿಲ್ಲ?”

ಉತ್ತರ ಕೊಟ್ಟವನು ಮಲಗಿದ್ದ ಮುದುಕ. “ಸೋಮಾರ ಎತ್ತಿನ ಹೆಗಲಿಗೆ ಯಾರಾರ ನೊಗ ಇಡ್ತಾರೇನ್ರಿ? ಬಸವನ ದಿನ ಅದು. ಬಂಡ್ಯಾಗಾದ್ರ ಹುಲ್ಲಿನ ಮ್ಯಾಲೆ ಮಲಗಿ ನಿಧಾನಕ ಬರಬೌದು. ಬಸ್ಸಿಗೆ ಹೋಗಾಣ ಅಂದ್ರ, ಆ ಕುಲುಕಾಟಕ್ಕ ಹೊಟ್ಟಿ ಉಳೀತೈತಾ?”

ನಾನು ಪೇಟೆಯಲ್ಲಿ ಹುಟ್ಟಿ ಬೆಳೆದವನು. ನಮ್ಮ ಮನೆಯಲ್ಲಿ ನೊಗ ಹೊತ್ತವರು ಅಪ್ಪ ಒಬ್ಬರೇ. ಅವರಿಗೆ ಸೋಮವಾರ ಬಿಡುವಿರಲಿಲ್ಲ.

“ಇದನ್ನು ನನಗೆ ಹೇಳುವುದಕ್ಕೇನಾಗಿತ್ತು?” ಎಂದು ಹುಡುಗನನ್ನು ಕೇಳಿದೆ.

“ಸೋಮವಾರ ಅಂತ ಗೋಡೆ ಮ್ಯಾಲೆ ಬರೆಸಿಬಿಟ್ಟಿದ್ರಲ್ಲ ಸರ್. ಬಣ್ಣ ಒಣಗಿದ ಮ್ಯಾಲೆ ಹೆಂಗೆ ಹೇಳೋದು?”

ಕರಗಿಯೇಬಿಡುತ್ತಿದ್ದೆ. ಅಷ್ಟರಲ್ಲಿ ಬಂಡಿಗಳಿಂದ ಇಳಿಯುತ್ತಿದ್ದ ಭತ್ತದ ಚೀಲಗಳು ಕಣ್ಣಿಗೆ ಬಿದ್ದವು. ಒಂದೊಂದೇ ನೆಟ್ಟಗೆ ಮಾವನ ಅಂಗಡಿಯ ಒಳಗೆ ಹೋಗುತ್ತಿತ್ತು.

“ಬರ್ರಿ ಡಾಕ್ಟ್ರೇ, ಕೂಡ್ರಿ, ಚಾ ತರಿಸ್ತೀನಿ,” ಎಂದು ಮಾವ ಎದ್ದು ಬಂದ. “ನಮ್ಮ ಹುಡುಗನ ಸೇವಾ ನೋಡಿದ್ರಲ್ಲ!”

“ನೋಡಿದೆ. ನಿಮ್ಮ ತಕ್ಕಡಿಗೂ ಸೇವೆ ಸಲ್ಲುತ್ತಿರುವ ಹಾಗಿದೆ.”

“ಬಂಡಿ ಖಾಲಿ ಬರ್ತೈತೇನ್ರಿ? ಬಂದ ಮಾಲು ಬ್ಯಾಡ ಅನ್ನಾಕ ಆಗ್ತೈತಾ?”

ಈಗ ನಿಜವಾದ ಸಂಕಟ ಶುರುವಾಯಿತು. ಸೇವೆ ನಿಜ, ಲಾಭವೂ ನಿಜ. ಹುಡುಗ ಯಾವುದಕ್ಕಾಗಿ ಮಾಡುತ್ತಿದ್ದಾನೆ? ನಾಡಿ ಹಿಡಿದರೆ ತಿಳಿಯುವ ಸಂಗತಿಯಲ್ಲ ಅದು. ಹೊಲಿಗೆಯ ದಿನವನ್ನು ಮಂಗಳವಾರಕ್ಕೆ ಬದಲಿಸಲು ಸೂಪರಿಂಟೆಂಡೆಂಟರ ಒಪ್ಪಿಗೆ ಬೇಕು; ಅವರು ರಜೆಯಲ್ಲಿದ್ದರು. ಅಲ್ಲಿಯ ತನಕ ಭಾನುವಾರದ ಕೆಲಸ ನಡೆಯಲಿ ಎಂದೆ. “ಆದರೆ ಈ ಜಗಲಿಯಲ್ಲಿ ಬೇಡ. ಎದುರಿನ ಅಂಗಡಿಯ ಜಗಲಿಯಲ್ಲಿ.”

ಎದುರಿನದೂ ದಲಾಲಿ ಅಂಗಡಿಯೇ. ಮಾವನ ಮುಖ ಕಪ್ಪಿಟ್ಟಿತು. “ಆ ಮನ್ಯಾಗ ನಾವು ನೀರು ಸೈತ ಕುಡಿಯಂಗಿಲ್ರಿ!”

“ನೀರು ಕುಡಿಯುವುದು ಬೇಡ. ಹೊಲಿಗೆ ಬಿಚ್ಚಿದರೆ ಸಾಕು.”

ಹುಡುಗ ಮಾವನನ್ನು ನೋಡಿದ, ನನ್ನನ್ನು ನೋಡಿದ. “ಆತು ಸರ್,” ಎಂದ. ಬಾಯಿಮಾತಿಗೆ ನಾನು ಸಹಿ ಹಾಕುವವನಲ್ಲ.

ಮುಂದಿನ ಭಾನುವಾರವೂ ನನಗೆ ದೈವಭಕ್ತಿ ಉಕ್ಕಿತು. ಹೋಗಿ ನೋಡಿದರೆ ಎದುರಿನ ಜಗಲಿಯಲ್ಲಿ ಹುಡುಗ, ಗೋಣಿಚೀಲ, ಕೊಕ್ಕನೂರಿನ ಒಬ್ಬ ರೈತ. ಬಂಡಿಗಳೂ ಅತ್ತಲೇ ತಿರುಗಿದ್ದವು. ಭತ್ತವೂ ಅತ್ತಲೇ ಇಳಿಯುತ್ತಿತ್ತು. ಮಾವ ಬೀದಿಗೆ ಬೆನ್ನು ಮಾಡಿ ಕುಳಿತಿದ್ದ.

“ಊಟ ಆಯಿತೇನಯ್ಯ?” ಎಂದೆ.

“ಹೋಟೆಲ್‌ನಾಗ ಆತು ಸರ್. ಮಾವ ಮನಿಗೆ ಬರಬ್ಯಾಡ ಅಂದಾರ.”

ಊರಿಗೆ ಮರಳಿ ಸರ್ಟಿಫಿಕೇಟು ಎದುರಿಗಿಟ್ಟುಕೊಂಡೆ. ಪೆನ್ನು ತೆರೆದೆ. ಏನೋ ಹೊಳೆದು ಮತ್ತೆ ಮುಚ್ಚಿದೆ. ಹರಿಹರದಿಂದ ದಿನಾ ಬರುತ್ತಿದ್ದ ನಮ್ಮ ಗುಮಾಸ್ತರನ್ನು ಕರೆದು, ಆ ಎದುರಂಗಡಿಯವರಿಗೆ ಮದುವೆಗೆ ಬಂದ ಮಗಳೇನಾದರೂ ಇದ್ದಾಳೆಯೇ ಎಂದು ವಿಚಾರಿಸಿದೆ.

“ಇಲ್ರಿ ಸರ್, ಬರೇ ಗಂಡು ಮಕ್ಕಳು.”

ಸಹಿ ಹಾಕಿದೆ.