ವ್ಯಾಕ್ಸ್ ಆಗುವವರೆಗೆ

ಪಕ್ಕದ ಮನೆಯ ಕನ್ನಡಕದವರು ಸ್ವಾರ್ಥಿ. ಇದನ್ನು ಕೋಪದಲ್ಲಿ ಹೇಳುತ್ತಿಲ್ಲ. ಬಹಳ ಕಾಲ ಒಂದೇ ಗೋಡೆಯ ಆಚೀಚೆ ಬದುಕಿದ ಮೇಲೆ ಹೇಳುತ್ತಿದ್ದೇನೆ. ಅವರಿಗೆ ಕುಡಿತವಿಲ್ಲ, ಜೂಜಿಲ್ಲ, ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಆದರೆ ತಮ್ಮ ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ಅವರಿಗೆ ಆಗದು. ಕತ್ತರಿ ಕೇಳಿದರೆ ತಾವೇ ಬಂದು ಕತ್ತರಿಸಿಕೊಟ್ಟು, ಕತ್ತರಿಯ ಸಮೇತ ವಾಪಸು ಹೋಗುತ್ತಾರೆ.

ಅವರು ದುಡಿದದ್ದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮುಂದೆ ಗಿರಾಕಿ, ಕನ್ನಡಿ, ಮಾಲೀಕರ ನಗು. ಹಿಂದೆ ಒಂದು ಸ್ಟೂಲು, ತಿರುಗುವ ಕಲ್ಲು, ಅದರ ಮೇಲೆ ತೊಟ್ಟಿಕ್ಕುವ ನೀರು. ಗಾಜನ್ನು ಉಜ್ಜುವುದು, ಬಲ್ಬಿಗೆ ಹಿಡಿದು ಗೀರು ಹುಡುಕುವುದು, ಮತ್ತೆ ಉಜ್ಜುವುದು. ಊರಿನ ಅರ್ಧ ಜನ ಅವರು ಉಜ್ಜಿದ ಗಾಜಿನಲ್ಲಿ ಪೇಪರು ಓದುತ್ತಾರೆ. ಅವರ ಮುಖ ಕಂಡವರು ಕಡಿಮೆ. ನಿವೃತ್ತಿಯ ಹೊತ್ತಿಗೆ ಅವರ ಕಣ್ಣಿಗೇ ಪೊರೆ ಬಂತು. ಒಂದು ಕಣ್ಣಿನ ಆಪರೇಷನ್ ಆಯಿತು, ಇನ್ನೊಂದು ಬಾಕಿ. ಅದು ಮುಗಿಯುವವರೆಗೆ ಸ್ಟೀರಿಂಗ್ ಮುಟ್ಟಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಹೀಗಾಗಿ ಅವರ ನೀಲಿ ಕಾರು ಗೇಟಿಗೂ ಅಡುಗೆಮನೆಯ ಕಿಟಕಿಗೂ ನಡುವೆ ನಿಂತೇ ಇತ್ತು.

ಅವರ ಹೆಂಡತಿ ಹೊಲಿಗೆ ಟೀಚರ್. ಈಕೆಯ ತಂಗಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಊರಾಚೆಯ ಆರೈಕೆ ಕೇಂದ್ರದಲ್ಲಿ ಸೇರಿಸಿದ್ದರು. ಬಸ್ಸು ಬದಲಿಸಿ ಬದಲಿಸಿ ಹೋಗುವಷ್ಟರಲ್ಲಿ ಭೇಟಿಯ ಹೊತ್ತು ಮುಗಿಯುತ್ತ ಬಂದಿರುತ್ತಿತ್ತು. ಭಾನುವಾರ ಆ ಕಡೆ ಬಸ್ಸೇ ಇಲ್ಲ, ಬಾಡಿಗೆ ಗಾಡಿಯವರು ಅಷ್ಟು ದೂರ ಬರಲ್ಲ ಎಂದುಬಿಡುತ್ತಾರೆ. ಟೀಚರ್ ಯಾರಿಗೂ ಹೇಳದೆ ಡ್ರೈವಿಂಗ್ ಕ್ಲಾಸಿಗೆ ಸೇರಿದರು, ಲೈಸೆನ್ಸ್ ಪಡೆದರು, ಅದನ್ನು ತಂದು ಗಂಡನ ಊಟದ ತಟ್ಟೆಯ ಪಕ್ಕ ಇಟ್ಟರು.

"ಸಂತೋಷ," ಎಂದರು ಗಂಡ. "ಕಾರು ಕೊಡ್ತೀನಿ. ಒಂದು ಸಲ ವ್ಯಾಕ್ಸ್ ಆಗಿಬಿಡ್ಲಿ."

ಅಲ್ಲಿಂದ ಶುರುವಾಯಿತು. ವ್ಯಾಕ್ಸ್ ಎಂದರೆ ಕಾರಿನ ಬಣ್ಣ ಕಾಯುವ ಮೇಣ; ಅದರಲ್ಲಿ ಯಾವುದು ಎಂಬುದೇ ಇತ್ಯರ್ಥವಾಗಲಿಲ್ಲ. ಡಬ್ಬಿಗಳ ಮೇಲಿನ ಸಣ್ಣಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಹೆಂಡತಿಯಿಂದ ಓದಿಸಿದರೆ "ಎಲ್ಲ ಒಂದೇ, ಹಚ್ಚಿ" ಎಂದು ಮುಗಿಸಿಬಿಡುತ್ತಾಳೆಂಬ ಅನುಮಾನ. ಆದ್ದರಿಂದ ಗೋಡೆಯ ಮೇಲಿಂದ ಡಬ್ಬಿಗಳು ನನ್ನ ಕೈಗೆ ಬಂದವು.

"ಮೇಡಂ, ಈ ಶಾಂಪೂ ನೊರೆ ಬರೋದಾ, ಜಾರೋದಾ?"

"ನೊರೆ ಅಂತ ಬರೆದಿದೆ."

"ನೊರೆ ನೋಡೋಕೆ ಚೆನ್ನಾಗಿರುತ್ತೆ. ನಮಗೆ ಜಾರಬೇಕು. ಬಟ್ಟೆ ಜಾರದಿದ್ರೆ ಧೂಳೇ ಗೀರುತ್ತೆ."

ಶಾಂಪೂ ಬದಲಾಯಿತು. ಒರಟು ಸ್ಪಂಜು ಹೋಗಿ ಉದ್ದ ಎಳೆಯ ಕೈಗವಸು ಬಂತು. ಸೋಪಿನ ನೀರಿಗೆ ಒಂದು ಬಕೆಟ್, ಕೈಗವಸು ಜಾಲಿಸಲು ಇನ್ನೊಂದು. ವ್ಯಾಕ್ಸಿನಲ್ಲಿ ಗಟ್ಟಿಯದು ಹೊಳಪು ಕೊಡುತ್ತದೆ, ಬೇಗ ಕರಗುತ್ತದೆ. ದ್ರವದ್ದು ಬಹಳ ಕಾಲ ನಿಲ್ಲುತ್ತದೆ, ಹೊಳಪು ಸಪ್ಪೆ. ಈ ತೂಗಾಟದಲ್ಲೇ ಎಷ್ಟೋ ಭಾನುವಾರಗಳು ಕಳೆದವು. ನನಗೆ ಇದು ನೆಪವೆಂದು ಗೊತ್ತಿತ್ತು. ಟೀಚರಿಗೂ ಗೊತ್ತಿತ್ತು.

"ರೀ, ಮದುವೆಯಾದಾಗಿಂದ ನನ್ನ ಮುಖಕ್ಕೆ ಒಂದು ಕ್ರೀಮ್ ತಂದ ನೆನಪಿದೆಯಾ?"

"ನಿನ್ನನ್ನ ಬಿಸಿಲಲ್ಲಿ ನಿಲ್ಲಿಸಿಲ್ಲವಲ್ಲೇ."

"ನಿಲ್ಲಿಸಿದ್ರೆ ವಾಸಿಯಿತ್ತು. ವಾರಕ್ಕೊಮ್ಮೆ ಮೈ ತೊಳೀತಿದ್ರಿ."

ಕೊನೆಗೆ ಆಕೆ ತಾಳ್ಮೆಗೆಟ್ಟು ಒಂದು ಎಡವಟ್ಟು ಮಾಡಿದರು. ಗಂಡ ಕಣ್ಣು ತೋರಿಸಲು ಹೋಗಿದ್ದಾಗ, ತೊಳೆಯುವ ಕೆಲಸವಾದರೂ ಮುಗಿಯಲಿ ಎಂದು, ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿ ಇಡೀ ಕಾರನ್ನು ಉಜ್ಜಿ ತೊಳೆದರು. ಕಾರು ಸ್ವಚ್ಛವಾಯಿತು. ಗಂಡ ಬಂದು ಬಾನೆಟ್ ಮೇಲೆ ಒಂದು ಲೋಟ ನೀರು ಸುರಿದು ನೋಡಿದರು. ಹನಿಯಾಗಿ ಉರುಳಬೇಕಾದ ನೀರು ನೆಲದ ಮೇಲೆ ಚೆಲ್ಲಿದ ಹಾಗೆ ಹರಡಿಕೊಂಡಿತು.

"ಬಾಣಲೆಯ ಜಿಡ್ಡು ತೆಗೆಯೋ ಸೋಪಲ್ವೇನೇ ಇದು? ಹಳೇ ವ್ಯಾಕ್ಸೂ ಒಂದು ಜಿಡ್ಡೇ. ಪೂರ್ತಿ ಎದ್ದುಹೋಯ್ತು. ಈಗ ಬಣ್ಣದ ಮೈಮೇಲೆ ನೂಲೆಳೆ ಇಲ್ಲ."

"ಹಾಗಾದ್ರೆ ಕಾರು ಕೊಡಲ್ಲ ಅನ್ನಿ."

"ಕೊಡಲ್ಲ ಅಂದೆನಾ? ಮೊದಲಿಂದ ಮಾಡಬೇಕು ಅಂದೆ."

ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮುಂದಿನ ಭಾನುವಾರ ಬೆಳಿಗ್ಗೆ ಕನ್ನಡಕದವರು ಕ್ಲೇ ಹಿಡಿದರು. ಮಕ್ಕಳು ಆಡುವ ಜೇಡಿಯಂಥ ಮೆತ್ತನೆಯ ಮುದ್ದೆ ಅದು. ಬಣ್ಣಕ್ಕೆ ಕಚ್ಚಿಕೊಂಡ, ನೀರಿಗೆ ಬಗ್ಗದ ಕಲ್ಮಷವನ್ನು ಹೀರಿ ತೆಗೆಯುತ್ತದೆ. ಅಂಗಡಿಯವನು ಹೇಳಿದ ಗಟ್ಟಿ ಕ್ಲೇ ಬೇಡವೆಂದು ಎಲ್ಲಕ್ಕಿಂತ ಮೆತ್ತನೆಯದನ್ನೇ ಆರಿಸಿದ್ದರು. ಕಣ್ಣು ಸಾಲದ್ದಕ್ಕೆ, ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾಗಿಲ ಮೇಲೆ ಸವರುತ್ತಿದ್ದರು. ಬರಿಗೈಗೆ ತಿಳಿಯದ ತರಿ ಚೀಲದೊಳಗಿನ ಬೆರಳಿಗೆ ತಿಳಿಯುತ್ತದೆಯಂತೆ. ಕ್ಲೇ ಜಾರಲೆಂದು ಸೋಪಿನ ನೀರು ಸಿಂಪಡಿಸಿ, ಕ್ಲೇ ಆಡಿಸಿ, ಒರೆಸಿ, ಮತ್ತೆ ಸವರಿ, ಮಧ್ಯಾಹ್ನದ ಹೊತ್ತಿಗೆ ವ್ಯಾಕ್ಸಿನ ಡಬ್ಬಿ ತೆರೆದರು. ದ್ರವದ್ದೇ ಗೆದ್ದಿತ್ತು. ಬಲಗಡೆ ಹಚ್ಚಿ, ಒರೆಸಿ ಮುಗಿಸಿದರು. ಎಡಗಡೆ ಹಚ್ಚಿದ್ದು ಬೆಳ್ಳಗೆ ಒಣಗುತ್ತಿತ್ತು. ತೆಳ್ಳಗೆ ಒಣಗಿದಾಗಲೇ ಒರೆಸಬೇಕು; ಹೊತ್ತು ಮೀರಿದರೆ ಗಟ್ಟಿಯಾಗಿ ಕಚ್ಚಿಕೊಂಡು ಪ್ರಾಣ ತಿನ್ನುತ್ತದೆ.

ಆಗ ಒಳಗೆ ಫೋನು ಬಂತು. ಟೀಚರ್ ಬರಿಗಾಲಲ್ಲೇ ಹೊರಗೆ ಬಂದರು.

"ನರ್ಸ್ ಫೋನ್ ಮಾಡಿದ್ರು. ತಂಗಿಗೆ ಮಾತು ಬಂದಿದೆಯಂತೆ. ಬೆಳಿಗ್ಗೆಯಿಂದ ನನ್ನ ಹೆಸರೇ ಹೇಳ್ತಿದಾಳಂತೆ. ಬೇರೆ ಒಂದು ಮಾತೂ ಇಲ್ಲವಂತೆ."

ಕನ್ನಡಕದವರು ಬಟ್ಟೆ ಹಿಡಿದು ನಿಂತರು.

"ಇವತ್ತು ಭಾನುವಾರ," ಎಂದರು ಆಕೆ. ಅಷ್ಟೇ ಹೇಳಿದರು. ಕಾರು ಕೊಡಿ ಎನ್ನಲಿಲ್ಲ; ಕೇಳಿ ಕೇಳಿ ಸಾಕಾಗಿತ್ತು.

ಗಂಡ ಕಾರಿನ ಎಡಗಡೆಗೆ ಬಂದರು. ಇನ್ನು ಕಾಲು ಗಂಟೆ ತಡಿ ಎನ್ನುತ್ತಾರೆ, ಆ ಕಾಲು ಗಂಟೆ ಸಂಜೆಯಾಗುತ್ತದೆ ಎಂದುಕೊಂಡೆ. ಅವರು ಮುಂದಿನ ಗಾಜಿಗೆ ತಾಕಿದ್ದ ವ್ಯಾಕ್ಸನ್ನು ಒರೆಸಿದರು. ಪಕ್ಕದ ಕನ್ನಡಿಗಳನ್ನು ಒರೆಸಿದರು. ಬಾಗಿಲ ಮೇಲಿನ ಬಿಳಿಯನ್ನು ಮುಟ್ಟಲಿಲ್ಲ.

"ಚಪ್ಪಲಿ ಹಾಕ್ಕೊಂಡು ಬಾ. ಕಾಣೋ ಹಾಗೆ ಮಾಡಿದೀನಿ."

"ನೀವೂ ಬನ್ನಿ."

"ನಾನು ಪಕ್ಕದಲ್ಲಿ ಕೂತ್ರೆ ನಿನಗೆ ಬ್ರೇಕ್ ಯಾವುದು ಕ್ಲಚ್ ಯಾವುದು ಮರೆತುಹೋಗುತ್ತೆ. ಹೋಗು."

"ಇದು ಅರ್ಧಂಬರ್ಧ ಇದೆಯಲ್ರೀ?"

"ಅವಳೇನು ಕಾರು ನೋಡೋಕೆ ಕರೀತಿದಾಳಾ?"

ಟೀಚರ್ ಹತ್ತಿ ಕೂತರು. ಕಾರು ಎರಡು ಸಲ ಕೆಮ್ಮಿ ನಿಂತು, ಮೂರನೆಯ ಸಲಕ್ಕೆ ಹಿಂದಕ್ಕೆ ಸರಿಯಿತು. ಕನ್ನಡಕದವರು ಗೇಟು ತೆರೆದು, ರಸ್ತೆಗೆ ಹೋಗಿ, ಎರಡೂ ಕಡೆ ನೋಡಿ ಕೈ ಬೀಸಿದರು. ಕಾರು ಓರೆಯಾಗಿ ಬಂತು. ಗೇಟಿನ ಕಂಬಕ್ಕೂ ಎಡಬಾಗಿಲಿಗೂ ನಡುವೆ ಕರ್ರೆಂದು ಎಳೆದ ಸದ್ದು ನನ್ನ ವರಾಂಡಕ್ಕೂ ಕೇಳಿಸಿತು. ಕಾರು ಗಕ್ಕನೆ ನಿಂತಿತು. ಬಿಳಿಯ ವ್ಯಾಕ್ಸಿನ ನಡುವೆ ಮೊಳದುದ್ದದ ಗೀರು ನನಗೆ ಇಲ್ಲಿಂದಲೇ ಕಾಣುತ್ತಿತ್ತು.

"ಅಯ್ಯೋ, ತಗುಲ್ತಾ? ರೀ, ತಗುಲ್ತಾ?" ಟೀಚರ್ ಎಡಗನ್ನಡಿಯತ್ತ ಕತ್ತು ಚಾಚಿದರು. ಬಾಗಿಲು ತೆಗೆದು ಇಳಿಯುವುದರಲ್ಲಿದ್ದರು.

ಗಂಡ ದಾಪುಗಾಲು ಹಾಕಿ ಬಂದರು. ಗೀರಿನ ಕಡೆಗೆ ಬಗ್ಗಲಿಲ್ಲ, ಸವರಿ ನೋಡಲಿಲ್ಲ. ಅದಕ್ಕೆ ಬೆನ್ನು ಕೊಟ್ಟು, ಆಕೆಗೆ ಕನ್ನಡಿಯಲ್ಲಿ ಕಾಣದ ಹಾಗೆ ಬಾಗಿಲಿಗೆ ಮೈಯಿಡೀ ಒರಗಿಸಿ ನಿಂತುಬಿಟ್ಟರು.

"ಏನೂ ಇಲ್ಲ ಕಣೇ, ಗೇಟಿನ ಸದ್ದು ಅದು," ಎಂದರು. "ಇಳೀಬೇಡ. ಒಂದು ಚೂರು ಮುಂದೆ ತಗೊಂಡು, ಸ್ಟೀರಿಂಗ್ ನೇರ ಮಾಡ್ಕೊಂಡು ಬಾ."